ಕೊಬ್ಬರಿ ಎಣ್ಣೆ ಕುಡಿದ ಡಯಾನಾ: ಗುಬ್ಬಿ ತೋಟದ ಹಳೇ ಏರ್‌ಗನ್ನೊಂದರ ಪ್ರಕರಣ

"ಸಾರ್, ಇದು ಬೆಳಗ್ಗೆ ಹೊತ್ತು ಕೆಮ್ತೈತೆ, ಮಧ್ಯಾಹ್ನ ಆದ್ರೆ ಗುಡುಗ್ತೈತೆ. ಏನಾಗೈತೋ ನೋಡಿ."

ಜನವರಿ ಮೊದಲ ವಾರ. ಗುಬ್ಬಿ ಕಡೆಯ ತೋಟದವರೊಬ್ಬರು ಗೋಣಿಚೀಲದಲ್ಲಿ ಸುತ್ತಿ ತಂದ ಏರ್‌ಗನ್ನನ್ನು ನನ್ನ ಷೆಡ್ಡಿನ ಬೆಂಚಿನ ಮೇಲಿಟ್ಟು ಹೇಳಿದ್ದು ಇಷ್ಟೇ. ರೋಗಿಯ ಕಡೆಯವರು ಆಡುವ ಮೊದಲ ಮಾತಿನಲ್ಲೇ ಅರ್ಧ ರೋಗ ಇರುತ್ತದೆ ಅನ್ನುತ್ತಾರೆ. ಇಲ್ಲಿ ಮುಕ್ಕಾಲು ಪಾಲು ಇತ್ತು. ಅದು ನನ್ನ ತಲೆಗೆ ಹೊಳೆಯಲು ಮೂರು ದಿನ ಬೇಕಾಯಿತು.

ನಾನು ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಹುಡುಗರಿಗೆ ಫೈಲ್ ಹಿಡಿಯುವುದು ಕಲಿಸಿ ನಿವೃತ್ತನಾದವನು. ತುಮಕೂರಿನ ಕ್ಯಾತ್ಸಂದ್ರದ ಕಡೆ ಮನೆ, ಹಿತ್ತಲಲ್ಲಿ ತಗಡಿನ ಷೆಡ್ಡು, ಒಂದು ಬೆಂಚ್ ವೈಸ್, ಒಂದು ಡ್ರಿಲ್ಲು. ಹೊಲಿಗೆ ಯಂತ್ರ, ಪಂಪ್ ಸ್ಟೌ, ಗೋಡೆ ಗಡಿಯಾರ, ಯಾರೂ ಮುಟ್ಟದ ಹಳೇ ಸಾಮಾನುಗಳು ನನ್ನ ಹತ್ತಿರ ಬರುತ್ತವೆ. ಏರ್‌ಗನ್ ಇದು ಆರನೆಯದೋ ಏಳನೆಯದೋ. ಬಂದವುಗಳಲ್ಲಿ ಅತ್ಯಂತ ಒಳ್ಳೆಯದೂ ಇದೇ, ಅತ್ಯಂತ ಹಾಳಾಗಿದ್ದದ್ದೂ ಇದೇ.

ಚೀಲ ಬಿಚ್ಚಿದರೆ ಡಯಾನಾ 27. ಜರ್ಮನಿಯ ರಾಸ್ಟಾಟ್ ಊರಿನ ಮೇಯರ್ ಆ್ಯಂಡ್ ಗ್ರಾಮೆಲ್ಸ್‌ಪಾಖರ್ ಕಂಪನಿಯದು. 1890ರಲ್ಲಿ ಶುರುವಾದ ಮನೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ಕಾರ್ಖಾನೆಯ ಯಂತ್ರಗಳೂ 'ಡಯಾನಾ' ಎಂಬ ಹೆಸರೂ ಸ್ಕಾಟ್ಲೆಂಡಿನ ಮಿಲ್‌ಬ್ರೋ ಕಂಪನಿಗೆ ಹೋಗಿದ್ದವು. ಹಾಗಾಗಿ ಹಳೇ ಮನೆಗಳ ಅಟ್ಟದಲ್ಲಿ ಸಿಗುವ ಡಯಾನಾಗಳಲ್ಲಿ ಎರಡು ಜಾತಿ. ಬಿಲ್ಲು ಎಸೆದು ಬಂದೂಕು ಎತ್ತಿ ಹಿಡಿದ ಬೇಟೆದೇವತೆಯ ಚಿತ್ರ ನೋಡಿ ಎರಡನ್ನೂ ಒಂದೇ ಅಂದುಕೊಳ್ಳಬಾರದು. ಇದು ರಾಸ್ಟಾಟಿನದೇ. ಕೊಳವೆಯ ಹಿಂತುದಿಯಲ್ಲಿ, ತುಕ್ಕಿನಡಿ, '04 74' ಎಂಬ ಸಣ್ಣ ಅಂಕಿ ಇತ್ತು: 1974ರ ಏಪ್ರಿಲ್. ತಂದವರ ತಂದೆ ಕೊಂಡದ್ದಂತೆ. ಅವರು ಹೋಗಿ ಹನ್ನೆರಡು ವರ್ಷವಾಯಿತು.

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ, ಯಾಕೆಂದರೆ ನಾನೂ ಕೆಲಸಕ್ಕೆ ಕೈ ಹಚ್ಚುವ ಮೊದಲು ಅದನ್ನೇ ನೋಡುವುದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಕೆಯ ಒಳಅಳತೆ 4.5 ಮಿ.ಮೀ. ಮೀರದ, ಗುಂಡಿನ ಶಕ್ತಿ 20 ಜೂಲ್ ದಾಟದ ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ಈ ಎರಡರಲ್ಲಿ ಒಂದು ಮೀರಿದರೂ ಬೇಕು. ಇದರ ನಳಿಕೆ 4.5. ಶಕ್ತಿಯ ವಿಷಯ ಮುಂದೆ ಬರುತ್ತದೆ.

ತಂದವರಿಗೆ ಬೇಕಾಗಿದ್ದದ್ದು ಮಾತ್ರ ಬೇರೆ. "ಪವರ್ ಡಬಲ್ ಮಾಡ್ಕೊಡಿ ಸಾರ್. ನವಿಲು ಬಂದು ತೋಟದಾಗೆ ಏನೂ ಉಳಿಸ್ತಿಲ್ಲ." ನವಿಲಿನ ಕಾಟ ಸುಳ್ಳಲ್ಲ, ಗುಬ್ಬಿ, ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಅದು ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಕಾಯ್ದೆಯಲ್ಲಿ ಕಟ್ಟುನಿಟ್ಟಾದ ರಕ್ಷಣೆ ಇರುವಂಥದು. ಅದರ ಮೇಲೆ ಗುರಿಯಿಟ್ಟರೆ ಜೈಲು. ನಾನು ಕಾನೂನನ್ನೂ ಹೇಳಿದೆ, ನನ್ನ ಷರತ್ತನ್ನೂ ಹೇಳಿದೆ: ತಗಡು, ಕಾಗದ, ಕರಟ, ಇವಕ್ಕೆ ಹೊಡೆಯುವುದಾದರೆ ರಿಪೇರಿ ಮಾಡುತ್ತೇನೆ, ಜೀವಕ್ಕಾದರೆ ಚೀಲ ಕಟ್ಟಿಕೊಂಡು ಹೋಗಿ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪನ ಸಾಮಾನು, ಸರಿ ಮಾಡಿಟ್ರೆ ಸಾಕು ಬಿಡಿ" ಅಂದರು.

ಬಿಚ್ಚುವ ಮೊದಲು

ಗೊತ್ತಿಲ್ಲದವರಿಗಾಗಿ ಇದರ ಒಳಗಿನ ಸಂಗತಿ. ಸೈಕಲ್ ಪಂಪನ್ನು ನೆನೆಸಿಕೊಳ್ಳಿ. ಅದರ ಹಿಡಿಯನ್ನು ಕೈಯಲ್ಲಿ ಒತ್ತುವ ಬದಲು ಒಂದು ಬಲವಾದ ಸ್ಪ್ರಿಂಗು ಒಂದೇ ಏಟಿಗೆ ಒತ್ತಿಬಿಟ್ಟರೆ ಏನಾಗುತ್ತದೋ ಅದೇ ಇಲ್ಲಿ ಆಗುವುದು. ನಳಿಕೆಯನ್ನು ಅದರ ಕೀಲಿನಲ್ಲಿ ಮಡಚಿ ಬಗ್ಗಿಸಿದಾಗ ಒಂದು ಕೊಂಡಿ ಪಿಸ್ಟನ್ನನ್ನು ಹಿಂದಕ್ಕೆ ಎಳೆದು ಸ್ಪ್ರಿಂಗನ್ನು ಅಮುಕುತ್ತದೆ. ಕುದುರೆ (ಟ್ರಿಗರ್) ಎಳೆದರೆ ಪಿಸ್ಟನ್ ಕೊಳವೆಯೊಳಗೆ ಮುನ್ನುಗ್ಗಿ ಎದುರಿನ ಗಾಳಿಯನ್ನು ಹಿಂಡುತ್ತದೆ. ಹಿಂಡಿದ ಗಾಳಿ ಸೂಜಿತೂತಿನಂಥ ದಾರಿಯಲ್ಲಿ ಹಾದು ಗುಂಡನ್ನು ತಳ್ಳುತ್ತದೆ. ಪಿಸ್ಟನ್ನಿನ ಮೂತಿಗೆ, ಸೈಕಲ್ ಪಂಪಿನಲ್ಲಿರುವಂತೆಯೇ, ಬಟ್ಟಲಿನಾಕಾರದ ತೊಗಲು ವಾಶರ್. ನಮ್ಮ ಹಳ್ಳಿಗಳ ಬೋರ್‌ವೆಲ್ ಕೈಪಂಪಿನ ಸಿಲಿಂಡರಿನಲ್ಲೂ ಹಿಂದೆ ಇಂಥದ್ದೇ ತೊಗಲಿನ ಬಟ್ಟಲು ಇರುತ್ತಿತ್ತು. ಕೈಪಂಪು ರಿಪೇರಿಯವನಿಗೆ ಈ ಬಂದೂಕಿನ ಮುಕ್ಕಾಲು ಪಾಲು ಹೇಳಿಕೊಡಬೇಕಾಗಿಯೇ ಇಲ್ಲ.

ಸಾಮಾನು ಕೈಗೆ ಸಿಕ್ಕಿದ ಕೂಡಲೇ ಬಿಚ್ಚುವುದು ನನ್ನ ಹಳೇ ಚಾಳಿ. ಈ ಸಲ ಹಟ ಹಿಡಿದು ಮೊದಲು ಅಳೆದೆ. ಗುಂಡಿನ ವೇಗ ಅಳೆಯುವ ಯಂತ್ರ ನನ್ನ ಹತ್ತಿರ ಇಲ್ಲ, ಮೊಬೈಲ್ ಇದೆ. ಹಿತ್ತಲಲ್ಲಿ ಗುರಿಯ ತಗಡನ್ನು ಸರಿಯಾಗಿ 10 ಮೀಟರ್ ದೂರದಲ್ಲಿ, ಗುಂಡು ಪುಟಿದು ಬಾರದಂತೆ ಮುಂದಕ್ಕೆ ಬಗ್ಗಿಸಿ ನಿಲ್ಲಿಸಿದೆ. ಹಿಂದೆ ಮರಳು ಮೂಟೆ, ಅದರ ಹಿಂದೆ ಕಾಂಪೌಂಡು. ಕಣ್ಣಿಗೆ ಗ್ರೈಂಡಿಂಗ್ ಕನ್ನಡಕ. ಮೊಬೈಲನ್ನು ನನ್ನ ಹತ್ತಿರವೂ ಅಲ್ಲ, ತಗಡಿನ ಹತ್ತಿರವೂ ಅಲ್ಲ, ಸರಿಯಾಗಿ ನಡುಮಧ್ಯೆ ಇಟ್ಟು ರೆಕಾರ್ಡಿಂಗ್ ಹಾಕಿದೆ. ಹೊಡೆದ ಸದ್ದೂ ತಗಡಿನ ಸದ್ದೂ ಮೊಬೈಲಿಗೆ ಬರುವ ದಾರಿ ಸಮ, ಆದ್ದರಿಂದ ಶಬ್ದದ ವೇಗದ ಲೆಕ್ಕ ತಾನೇ ವಜಾ ಆಗುತ್ತದೆ. ಎರಡು ಸದ್ದಿನ ನಡುವಿನ ಅಂತರ ಗುಂಡು ಹಾರಿದ ಸಮಯ, ಅಷ್ಟೇ. ಸಿಗುವುದು ಆ ಹತ್ತು ಮೀಟರಿನ ಸರಾಸರಿ ವೇಗ. ನಳಿಕೆಯ ಬಾಯಲ್ಲಿ ಇದಕ್ಕಿಂತ ತುಸು ಹೆಚ್ಚಿರುತ್ತದೆ. ನನ್ನ ಕೆಲಸಕ್ಕೆ ಇದು ಸಾಕು. ಎಲ್ಲ ಸಲವೂ ಒಂದೇ ಡಬ್ಬಿಯ 0.547 ಗ್ರಾಮಿನ ಗುಂಡು. ಪೇಟೆಯ ಅಗ್ಗದ ಛರ್ರೆ ಒಂದೊಂದೂ ಒಂದೊಂದು ತೂಕ. ಅದರಲ್ಲಿ ಅಳೆದರೆ ತಪ್ಪು ಬಂದೂಕಿನದೋ ಛರ್ರೆಯದೋ ತಿಳಿಯುವುದಿಲ್ಲ.

ಬೆಳಿಗ್ಗೆ ಏಳೂವರೆಗೆ, ಗೋಡೆಯ ಥರ್ಮಾಮೀಟರ್ 17 ಡಿಗ್ರಿ ತೋರಿಸುವಾಗ, ಹತ್ತು ಗುಂಡು: ಸೆಕೆಂಡಿಗೆ ಅತಿ ಕಡಿಮೆ 98 ಮೀಟರ್, ಅತಿ ಹೆಚ್ಚು 121. ಅದೇ ದಿನ ಮಧ್ಯಾಹ್ನ ಎರಡು ಗಂಟೆಗೆ, 30 ಡಿಗ್ರಿಯಲ್ಲಿ: ಅತಿ ಕಡಿಮೆ 132, ಅತಿ ಹೆಚ್ಚು 204. ಅಂದರೆ ಮಧ್ಯಾಹ್ನದ ಒಂದು ಗುಂಡಿಗೂ ಇನ್ನೊಂದಕ್ಕೂ 72 ಮೀಟರಿನ ವ್ಯತ್ಯಾಸ! ಜೊತೆಗೆ ದೀಪಾವಳಿ ಪಟಾಕಿಯ ಸದ್ದು, ನಳಿಕೆಯಿಂದ ನೀಲಿ ಹೊಗೆ. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ ನೋಡಿದರು.

ಹೊಗೆ, ಸದ್ದು ಎರಡೂ ನನಗೆ ಗೊತ್ತಿದ್ದ ಲಕ್ಷಣವೇ. ಗಾಳಿಯನ್ನು ಅಷ್ಟು ಜೋರಾಗಿ ಹಿಂಡಿದಾಗ ಅದು ಕ್ಷಣಮಾತ್ರ ನೂರಾರು ಡಿಗ್ರಿ ಕಾಯುತ್ತದೆ. ಅಲ್ಲಿ ಎಣ್ಣೆಯ ಆವಿ ಇದ್ದರೆ ಹೊತ್ತಿಕೊಳ್ಳುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಆಗುವುದೂ ಇದೇ. ಹೀಗೆ ಹೊತ್ತಿಕೊಂಡಾಗ ಗುಂಡು ಜೋರಾಗಿ ಹೋಗುತ್ತದೆ, ಹುಡುಗರಿಗೆ ಖುಷಿಯಾಗುತ್ತದೆ, ಒಳಗೆ ವಾಶರ್ ಸುಡುತ್ತದೆ, ಪಿಸ್ಟನ್ ಹಿಂದಕ್ಕೆ ಒದೆಸಿಕೊಂಡು ಸ್ಪ್ರಿಂಗು ಮುರಿಯುತ್ತದೆ. ಯಾರೋ ಹೊಲಿಗೆ ಯಂತ್ರದ ಎಣ್ಣೆ ಸುರಿದಿದ್ದಾರೆ ಅಂದುಕೊಂಡೆ. ಆದರೆ ಅದೇ ಎಣ್ಣೆ ಬೆಳಿಗ್ಗೆ ಯಾಕೆ ಹೊತ್ತಿಕೊಳ್ಳುತ್ತಿಲ್ಲ? ಮತ್ತೆ ಆ ವಾಸನೆ. ಬೆಂದ ಎಣ್ಣೆಯ ವಾಸನೆಯಲ್ಲ, ತಿನ್ನುವ ಯಾವುದೋ ಪದಾರ್ಥದ್ದು. ಸಂಕ್ರಾಂತಿ ಹತ್ತಿರ ಇದ್ದದ್ದರಿಂದ ಅಡುಗೆಮನೆಯಿಂದ ಬರುತ್ತಿರಬೇಕು ಎಂದು ಎರಡು ದಿನ ಮೋಸ ಹೋದೆ.

ಮೂರನೇ ದಿನ ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಬಚ್ಚಲ ಗೂಡಿನಲ್ಲಿದ್ದ ಕೊಬ್ಬರಿ ಎಣ್ಣೆಯ ಬಾಟಲಿ ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಕೊಬ್ಬರಿ ಎಣ್ಣೆ ಕರಗುವುದು 24 ಡಿಗ್ರಿಯ ಆಸುಪಾಸು. ಟವೆಲ್ಲಿನಲ್ಲೇ ಬಂದು ಗುಬ್ಬಿಗೆ ಫೋನ್ ಮಾಡಿದೆ.

"ಹೂಂ ಸಾರ್, ನಮ್ಮಪ್ಪ ಬಂದೂಕಿಗೂ ತಲೆಗೂ ಒಂದೇ ಎಣ್ಣೆ ಹಾಕ್ತಿದ್ದಿದ್ದು. ನಮ್ದೇ ತೋಟದ್ದು, ಗಾಣದ್ದು. ನಾನೂ ಹಂಗೇ ಹಾಕ್ಕೊಂಡ್ ಬಂದೆ."

ಬೆಳಿಗ್ಗೆ ಗಟ್ಟಿಯಾಗಿ ಪಿಸ್ಟನ್ನನ್ನು ಅಂಟಿಸಿಕೊಂಡು ಕೆಮ್ಮಿಸುವುದೂ ಅದೇ, ಮಧ್ಯಾಹ್ನ ಕರಗಿ ಹೊತ್ತಿಕೊಂಡು ಗುಡುಗಿಸುವುದೂ ಅದೇ. ಮೂರು ದಿನ ನಾನು ಮೂಸಿದ್ದು ಹುರಿದ ಕೊಬ್ಬರಿ.

ಬಿಚ್ಚುವ ಮುನ್ನ ಇನ್ನೊಂದು ಪರೀಕ್ಷೆ. ನಳಿಕೆ ಮಡಚುವ ಸಂದಿಯ ಮೇಲೆ ಪತ್ರಿಕೆಯ ಒಂದು ತೆಳ್ಳನೆ ಪಟ್ಟಿ ಇಟ್ಟು ಹೊಡೆದೆ. ಪಟ್ಟಿ ಎಗರಿ ಹಲಸಿನ ಗಿಡದ ಬುಡಕ್ಕೆ ಹೋಗಿ ಬಿತ್ತು. ಆ ಸಂದಿಯ ವಾಶರ್ ಕೂಡ ಸೋರುತ್ತಿದೆ ಎಂದರ್ಥ.

ಒಳಗೆ ಕಂಡದ್ದು

ಇಲ್ಲಿ ಎಚ್ಚರಿಕೆಯ ಮಾತು, ಒಂದೇ ಸಲ, ಆದರೆ ಗಟ್ಟಿಯಾಗಿ. ಸ್ಪ್ರಿಂಗ್ ಏರ್‌ಗನ್ನಿನ ಒಳಗಿನ ಸ್ಪ್ರಿಂಗು ಬಂದೂಕು ಸುಮ್ಮನಿದ್ದಾಗಲೂ ಅಮುಕಿಕೊಂಡೇ ಕೂತಿರುತ್ತದೆ. ಹಿಂದಿನ ಎರಡು ಪಿನ್ನು ತೆಗೆದರೆ ಅದು ಇಡೀ ಕುದುರೆ ಭಾಗವನ್ನು ಹೊತ್ತುಕೊಂಡು ಹೊರಗೆ ಚಿಮ್ಮುತ್ತದೆ, ಎದುರಿಗೆ ಮುಖ ಇದ್ದರೆ ಮುಖಕ್ಕೆ. ಬಡಗಿಗಳು ಬಾಗಿಲು ಕೂಡಿಸುವಾಗ ಬಳಸುವ ಉದ್ದನೆಯ ಕಬ್ಬಿಣದ ಕ್ಲ್ಯಾಂಪಿನಲ್ಲಿ ಬಂದೂಕನ್ನು ಉದ್ದಕ್ಕೆ ಹಿಡಿಸಿ, ಹಿಂತುದಿಯನ್ನು ತುಸು ಒಳಕ್ಕೆ ಒತ್ತಿ, ಪಿನ್ನು ಸಡಿಲವಾದ ಮೇಲೆ ತೆಗೆದು, ಆಮೇಲೆ ತಿರುಪನ್ನು ನಿಧಾನಕ್ಕೆ ಬಿಡಬೇಕು. ಕಾಲಲ್ಲಿ ಒತ್ತಿ ಹಿಡಿದು ಬಿಚ್ಚುತ್ತೇನೆ ಎನ್ನುವ ಶೂರರನ್ನು ನಾನು ನೋಡಿದ್ದೇನೆ. ಅವರಲ್ಲೊಬ್ಬರ ಹಲ್ಲು ಈಗ ಕಟ್ಟಿಸಿದ್ದು.

ತಿರುಪು ಬಿಡುತ್ತಾ ಹೋದಂತೆ 30 ಮಿ.ಮೀ.ವರೆಗೂ ಸ್ಪ್ರಿಂಗು ತಳ್ಳುತ್ತಲೇ ಇತ್ತು. ಹೊರಗೆ ಬಂದದ್ದನ್ನು ನೋಡಿದ ಕೂಡಲೇ ಗೊತ್ತಾಯಿತು, ಇದು ರಾಸ್ಟಾಟಿನದಲ್ಲ. ತಂತಿಯ ದಪ್ಪ 3.4 ಮಿ.ಮೀ., ತುದಿಗಳನ್ನು ಗ್ರೈಂಡಿಂಗ್ ಕಲ್ಲಿಗೆ ಒರಟಾಗಿ ಹಿಡಿದು ಚಪ್ಪಟೆ ಮಾಡಿದ್ದು. ಯಾವುದೋ ಕಾಲದಲ್ಲಿ ಬಂದೂಕು ಸಪ್ಪೆಯಾಗಿದೆ ಎಂದು ಯಾರಿಗೋ ಕೊಟ್ಟಾಗ ಆತ "ಸ್ಟ್ರಾಂಗ್ ಸ್ಪ್ರಿಂಗ್" ಹಾಕಿಕೊಟ್ಟಿದ್ದಾನೆ.

ಈ ಪ್ರಕರಣದ ಗಂಟು ಇರುವುದೇ ಇಲ್ಲಿ, ಆದ್ದರಿಂದ ಸ್ವಲ್ಪ ಲೆಕ್ಕ. ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ. 3 ಮಿ.ಮೀ. ತಂತಿಯನ್ನು 3.4 ಮಾಡಿದರೆ, ಬೇರೆಲ್ಲ ಅಳತೆ ಹಾಗೇ ಇದ್ದರೂ, ಬಿಗಿ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಸುರುಳಿಯ ಅಗಲ, ಸುತ್ತುಗಳ ಸಂಖ್ಯೆ ಎಲ್ಲ ಅಳೆದು ಹಾಕಿದಾಗ ಈ ಸ್ಪ್ರಿಂಗು ಒಂದು ಮಿ.ಮೀ. ಅಮುಕಲು ಸುಮಾರು 11.5 ನ್ಯೂಟನ್ ಕೇಳುತ್ತಿತ್ತು. ಬಂದೂಕು ಎಳೆದು ನಿಲ್ಲಿಸಿದಾಗ ಅದು ಒಟ್ಟು 95 ಮಿ.ಮೀ. ಅಮುಕಿರುತ್ತದೆ, ಅಂದರೆ ಕುದುರೆಯ ಕೊಂಡಿಯ ಮೇಲೆ ಎಡೆಬಿಡದೆ 110 ಕೆ.ಜಿ. ಭಾರ. ಸ್ಪ್ರಿಂಗಿನಲ್ಲಿ ಕೂಡಿಟ್ಟು ಪಿಸ್ಟನ್ನಿಗೆ ಕೊಡುವ ಶಕ್ತಿ ಸುಮಾರು 47 ಜೂಲ್. ಗುಂಡಿಗೆ ಬೆಳಿಗ್ಗೆ ಹೊತ್ತು ಸಿಗುತ್ತಿದ್ದದ್ದು? 0.547 ಗ್ರಾಂ, 105 ಮೀಟರ್ ಅಂತಿಟ್ಟುಕೊಂಡರೆ 3 ಜೂಲ್.

ಉಳಿದ 44 ಎಲ್ಲಿ ಹೋಯಿತು? ಒಂದಿಷ್ಟು ಸೋರಿದ ಗಾಳಿಯಲ್ಲಿ, ಒಂದಿಷ್ಟು ಅಂಟಿನ ಘರ್ಷಣೆಯಲ್ಲಿ. ಉಳಿದದ್ದೆಲ್ಲ ಪಿಸ್ಟನ್ ಎದುರಿನ ಗೋಡೆಗೆ ಸುತ್ತಿಗೆಯಂತೆ ಬಡಿಯುವುದರಲ್ಲಿ. ಒಳ್ಳೆಯ ವಾಶರ್ ಇದ್ದರೆ ಹಿಂಡಿದ ಗಾಳಿಯೇ ಮೆತ್ತೆಯಾಗಿ ಪಿಸ್ಟನ್ನನ್ನು ಕೊನೆಯ ಕೂದಲೆಳೆಯಲ್ಲಿ ತಡೆಯುತ್ತದೆ. ಗಾಳಿ ಸೋರಿದರೆ ಆ ಮೆತ್ತೆ ಇಲ್ಲ. ಗುಂಡು ಹಾಕದೆ ಕುದುರೆ ಎಳೆಯಬಾರದು ಎನ್ನುವುದೂ ಇದೇ ಕಾರಣಕ್ಕೆ. ಈ ಬಂದೂಕಿನಲ್ಲಿ ಪ್ರತಿ ಗುಂಡೂ ಖಾಲಿ ಗುಂಡಿನ ಹಾಗೇ ಬಡಿಯುತ್ತಿತ್ತು. ಮರದ ಹಿಡಿಯ ಮುಂಭಾಗದ ಸ್ಕ್ರೂ ತೂತುಗಳು ಮೊಟ್ಟೆಯಾಕಾರಕ್ಕೆ ಅಗಲಿ, ಅಲ್ಲಿಂದ ಎರಡು ಇಂಚು ಸೀಳು ಬಿಟ್ಟಿದ್ದಕ್ಕೆ ಬೇರೆ ಕಾರಣ ಬೇಕಿರಲಿಲ್ಲ.

ಅಂದರೆ ಮೊದಲು ವಾಶರ್ ಸವೆದಿದೆ. ಬಂದೂಕು ಸಪ್ಪೆಯಾಗಿದೆ. ಸಪ್ಪೆಯಾದದ್ದಕ್ಕೆ ಸ್ಪ್ರಿಂಗು ದಪ್ಪ ಮಾಡಿದ್ದಾರೆ. ಎಳೆಯಲು ಬಿಗಿಯಾಯಿತೆಂದು ಎಣ್ಣೆ ಸುರಿದಿದ್ದಾರೆ. ಎಣ್ಣೆ ಉರಿದು ಇದ್ದಬದ್ದ ವಾಶರೂ ಸುಟ್ಟಿದೆ. ಆಸ್ಪತ್ರೆಗಳಲ್ಲಿ ಒಂದು ಮಾತ್ರೆಯ ಉಷ್ಣಕ್ಕೆ ಇನ್ನೊಂದು ಮಾತ್ರೆ ಕೊಡುವಂತೆ, ಇಲ್ಲಿ ಮಾಡಿದ ಪ್ರತಿ ರಿಪೇರಿಯೂ ಹಿಂದಿನ ರಿಪೇರಿಯ ಮೇಲೆ ಕೂತ ಕಾಯಿಲೆ.

ನಳಿಕೆಯ ಕೀಲಿನ ಬೋಲ್ಟು ಬಿಚ್ಚಿ ಕೊಂಡಿಯನ್ನು ಬಿಡಿಸಿ ಪಿಸ್ಟನ್ ಎಳೆದಾಗ ಅದು ಮೊದಲು ಬರಲೇ ಇಲ್ಲ. ಹೇರ್ ಡ್ರೈಯರ್ ಹಿಡಿದು ಕಾಯಿಸಿದ ಮೇಲೆ ಬೆಲ್ಲದ ಪಾಕದಂಥ ಕಪ್ಪು ಅಂಟಿನ ಸಮೇತ ಬಂತು. ವಾಶರ್ ಇದ್ದಿಲಿನ ಹಾಗೆ ಬೆರಳಲ್ಲಿ ಪುಡಿಯಾಯಿತು. ಥಿನ್ನರಿನಲ್ಲಿ ತೊಳೆದು, ಬಟ್ಟೆ ಸುತ್ತಿದ ಕೋಲಿನಲ್ಲಿ ಕೊಳವೆಯನ್ನು ಉಜ್ಜಿ, ಒಂದು ದಿನ ಪೂರ್ತಿ ಆರಲು ಬಿಟ್ಟೆ. ಒಳಗೆ ಥಿನ್ನರಿನ ಹನಿ ಉಳಿದರೆ ಅದೂ ಹೊತ್ತಿಕೊಳ್ಳುತ್ತದೆ. ಕೊಳವೆಯ ಒಳಗೋಡೆ ಮಾತ್ರ ಕನ್ನಡಿಯಂತಿತ್ತು. ಐವತ್ತು ವರ್ಷದ ಕೊಬ್ಬರಿ ಎಣ್ಣೆ ಮಾಡಿದ ಒಂದೇ ಉಪಕಾರ, ತುಕ್ಕು ಹಿಡಿಯಗೊಡದೆ ಕಾಪಾಡಿದ್ದು.

ಮೂರು ಗುಂಡುಗಳು

ಈ ಮಾದರಿಯ ಕುದುರೆ ಭಾಗವನ್ನು ನೋಡಿದರೆ ನನಗೆ ಪ್ರತಿಸಲವೂ ಒಂಥರಾ ಸಂತೋಷ. ಪಿಸ್ಟನ್ನಿನ ದಂಡದ ತುದಿಯಲ್ಲಿ ಒಂದು ಗಾಡಿ, ಅಂದರೆ ಸುತ್ತಲೂ ಕೊರೆದ ತೋಡು. ಆ ಗಾಡಿಯೊಳಕ್ಕೆ ಮೂರು ಉಕ್ಕಿನ ಗುಂಡುಗಳು ಸುತ್ತಲಿಂದ ಒತ್ತಿ ಹಿಡಿಯುತ್ತವೆ. ಗುಂಡುಗಳ ಹೊರಗೊಂದು ಬಳೆ. ಕುದುರೆ ಎಳೆದಾಗ ಬಳೆ ಸರಿಯುತ್ತದೆ, ಗುಂಡುಗಳು ಹೊರಕ್ಕೆ ಜಾರುತ್ತವೆ, ದಂಡ ಬಿಡುಗಡೆ. ಭಾರವೆಲ್ಲ ಮೂರು ಕಡೆ ಸಮನಾಗಿ ಹಂಚಿಹೋಗುವುದರಿಂದ ಬೆರಳಿಗೆ ಬೆಣ್ಣೆಯ ಹಾಗೆ ಸಿಗಬೇಕು.

ಇದರದು ಕಲ್ಲಿನ ಮೇಲೆ ಮಣೆ ಎಳೆದ ಹಾಗಿತ್ತು. ಎದುರುಮನೆಯವರು ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ದುಡಿದವರು. 2016ರಲ್ಲಿ ಕಂಪನಿ ಮುಚ್ಚುವ ತೀರ್ಮಾನವಾದರೂ ಅವರ ಮೈಕ್ರೋಮೀಟರ್ ಇನ್ನೂ ಎಣ್ಣೆ ಕಾಗದದಲ್ಲಿ ಸುತ್ತಿ ಬೀರುವಿನಲ್ಲಿದೆ. ಮೂರು ಗುಂಡುಗಳನ್ನೂ ಕೊಟ್ಟೆ. ಎರಡು ಸರಿಸಮ. ಮೂರನೆಯದು ಒಂದೆಳೆ ಸಣ್ಣದು: 4.76 ಮಿ.ಮೀ. ಅವರು ಕನ್ನಡಕದ ಮೇಲಿಂದ ನೋಡಿ, "ಇಂಚಿನ 3/16. ಸೈಕಲ್ ಗುಂಡು ಕಣ್ರೀ" ಅಂದರು. ಹಿಂದಿನ ರಿಪೇರಿಯಲ್ಲಿ ಒಂದು ಗುಂಡು ಎಲ್ಲೋ ಉರುಳಿಹೋಗಿದೆ, ಸೈಕಲ್ ಅಂಗಡಿಯದು ಬಂದು ಕೂತಿದೆ. ಹಾಗಾಗಿ 110 ಕೆ.ಜಿ. ಭಾರವನ್ನು ಎರಡೇ ಗುಂಡು ಹೊತ್ತು, ದಂಡದ ಗಾಡಿಯ ಒಂದು ಪಕ್ಕ ಸವೆದಿತ್ತು.

ಮೂರನ್ನೂ ಬೇರಿಂಗ್ ಅಂಗಡಿಯ ಹೊಸ ಗುಂಡುಗಳಿಗೆ ಬದಲಿಸಿದೆ, ಒಂದೇ ಪೊಟ್ಟಣದ್ದು. ದಂಡವನ್ನು ಎಣ್ಣೆಕಲ್ಲಿನಲ್ಲಿ ಹೊಳಪು ಮಾಡಿದೆ, ಒಂಚೂರೂ ಕೊರೆಯದೆ. ಕುದುರೆ ಹಗುರ ಮಾಡುತ್ತೇನೆಂದು ಗಾಡಿಯ ಅಂಚನ್ನು ಫೈಲಿನಲ್ಲಿ ಉಜ್ಜುವವರಿದ್ದಾರೆ. ಅಂಥ ಬಂದೂಕು ಒಂದು ದಿನ ನಳಿಕೆ ಬಗ್ಗಿಸಿ ಗುಂಡು ತುಂಬುವಾಗ ತಾನೇ ಬಿಟ್ಟುಕೊಂಡು ಬೆರಳು ಕತ್ತರಿಸುತ್ತದೆ. ಗುಂಡು ತುಂಬುವಾಗ ಇನ್ನೊಂದು ಕೈ ನಳಿಕೆಯನ್ನು ಬಿಡಲೇಬಾರದು, ಬಂದೂಕು ಎಷ್ಟೇ ನಂಬಿಕಸ್ತವಾಗಿರಲಿ.

ತೊಗಲು

ಹೊರದೇಶದಿಂದ ಸಿದ್ಧ ವಾಶರ್ ತರಿಸಬಹುದಿತ್ತು. ನನಗೆ ಮಾಡುವುದೇ ಇಷ್ಟ. ಮೊದಲ ಸಲ ದಡ್ಡತನ ಮಾಡಿದೆ: ಮನೆಯಲ್ಲಿದ್ದ ಹಳೇ ಲೆದರ್ ಬ್ಯಾಗಿನಿಂದ ಕತ್ತರಿಸಿದೆ. ಅದು ಕ್ರೋಮಿನಲ್ಲಿ ಹದ ಮಾಡಿದ ಮೆತ್ತನೆ ಚರ್ಮ. ಅಚ್ಚಿಗೆ ಒತ್ತಿದರೆ ಬಟ್ಟಲಾಯಿತು, ತೆಗೆದರೆ ಮತ್ತೆ ದೋಸೆಯಾಯಿತು. ಹಾಕಿ ನೋಡಿದೆ, ಇಪ್ಪತ್ತು ಗುಂಡಿಗೆ ಅಂಚು ಮಡಚಿಕೊಂಡು ಕೂತಿತು.

ಬಸ್ ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವ ಹಿರಿಯರೊಬ್ಬರಿಗೆ ವಿಷಯ ಹೇಳಿದೆ. ಅವರು ಬಂದೂಕು ಅಂದದ್ದಕ್ಕೆ ಏನೂ ಅನ್ನಲಿಲ್ಲ, ಬ್ಯಾಗಿನ ಚರ್ಮ ಅಂದದ್ದಕ್ಕೆ ನಕ್ಕರು. "ಅಟ್ಟೆ ತೊಗಲು ತಗೊಂಡ್ ಹೋಗಿ. ತಂಗಡಿ ಚಕ್ಕೇಲಿ ಹದ ಮಾಡಿದ್ದು. ನೀರಲ್ಲಿ ಹೇಳ್ದಂಗೆ ಕೇಳ್ತದೆ, ಒಣಗಿದ್ ಮ್ಯಾಲೆ ಯಾರ್ ಮಾತೂ ಕೇಳಲ್ಲ." ತಂಗಡಿ ಗಿಡದ ತೊಗಟೆ ನಮ್ಮ ಸೀಮೆಯಲ್ಲಿ ಚರ್ಮ ಹದ ಮಾಡಲು ಮೊದಲಿಂದ ಬಳಸಿದ್ದು. ಹಸಿಯಲ್ಲಿ ಬಾಗಿ ಒಣಗಿದ ಮೇಲೆ ಆಕಾರ ಹಿಡಿದಿಡುವ ಗುಣ ಹೀಗೆ ತೊಗಟೆಯಲ್ಲಿ ಹದ ಮಾಡಿದ ಚರ್ಮಕ್ಕೆ ಮಾತ್ರ.

ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಲೇತಿನಲ್ಲಿ ಅಚ್ಚು ಮಾಡಿಸಿದೆ: ಕೊಳವೆಯ ಒಳಅಳತೆಯಷ್ಟೇ, 25 ಮಿ.ಮೀ. ತೂತಿನ ಒಂದು ಬುಶ್, ಒಳಗೆ 19ರ ಒಂದು ಗೂಟ. ನಡುವಿನ ಸಂದಿ ಎರಡೂ ಕಡೆ 3 ಮಿ.ಮೀ., ತೊಗಲಿನ ದಪ್ಪ ಅದಕ್ಕಿಂತ ಕೂದಲೆಳೆ ಹೆಚ್ಚು. ತೊಗಲನ್ನು ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿದೆ. ಕುದಿಯುವ ನೀರಿಗೆ ಹಾಕಿದರೆ ಸುಕ್ಕಿ ಹಪ್ಪಳವಾಗುತ್ತದೆ. ವೈಸಿನಲ್ಲಿಟ್ಟು ನಿಧಾನವಾಗಿ ಒತ್ತಿ, ನೆರಳಲ್ಲಿ ಎರಡು ದಿನ. ತೆಗೆದಾಗ ಗಿಂಡಿಯ ಮುಚ್ಚಳದ ಹಾಗೆ ನಿಂತಿತ್ತು. ಅಂಚನ್ನು ಹೊಸ ಬ್ಲೇಡಿನಲ್ಲಿ ಸಮ ಮಾಡಿ, ನಡುವೆ ಸ್ಕ್ರೂ ತೂತು ಹೊಡೆದೆ. ನಳಿಕೆ ಸಂದಿಯ ಸಣ್ಣ ಉಂಗುರವೂ ಅದೇ ತುಂಡಿನಿಂದ.

ಎಣ್ಣೆಯ ವಿಷಯದಲ್ಲಿ ಯೋಚನೆ ಮಾಡಬೇಕಾಯಿತು. ತೊಗಲು ಒಣಗಿದ್ದರೆ ಗಾಳಿ ಹಿಡಿಯುವುದಿಲ್ಲ, ಎಣ್ಣೆ ಬೇಕೇ ಬೇಕು. ಎದುರುಮನೆಯವರು ಹರಳೆಣ್ಣೆ ಅಂದರು, ಗಾಡಿ ಕೀಲಿಗೆ ಹಾಕುವಂಥದು. ಅದು ತೊಗಲಿಗೆ ಒಳ್ಳೆಯದೇ, ಆದರೆ ಬಿಸಿಗೆ ಸಿಕ್ಕಿ ಅರಗಿನ ಹಾಗೆ ಅಂಟಾಗುತ್ತದೆ. ಒಂದು ಅಂಟು ತೆಗೆದು ಇನ್ನೊಂದು ಹಾಕಲು ಮನಸ್ಸಾಗಲಿಲ್ಲ. ದಪ್ಪನೆಯ ಸಿಲಿಕೋನ್ ಎಣ್ಣೆ ತರಿಸಿದೆ, ಸುಲಭಕ್ಕೆ ಹೊತ್ತಿಕೊಳ್ಳದಂಥದು. ವಾಶರನ್ನು ಅದರಲ್ಲಿ ಒಂದು ರಾತ್ರಿ ಮುಳುಗಿಸಿಟ್ಟೆ. ಆದರೆ ಸಿಲಿಕೋನ್ ಉಕ್ಕಿಗೆ ಉಕ್ಕು ಉಜ್ಜುವ ಕಡೆ ಕೆಲಸಕ್ಕೆ ಬಾರದು. ಪಿಸ್ಟನ್ನಿನ ಹಿಂಭಾಗಕ್ಕೆ, ಕುದುರೆಗೆ, ಕೀಲಿಗೆ ಮಾಲಿಬ್ಡಿನಮ್ ಪೇಸ್ಟು, ಅದೂ ಬೆರಳಲ್ಲಿ ಒರೆಸಿದಷ್ಟು.

ಸ್ಪ್ರಿಂಗು, ಜೋಡಣೆ

ಹೊಸ ಸ್ಪ್ರಿಂಗನ್ನು ಪೀಣ್ಯದಲ್ಲಿ ಸುತ್ತಿಸಿದೆ. 3 ಮಿ.ಮೀ. ಸ್ಪ್ರಿಂಗ್ ಸ್ಟೀಲ್ ತಂತಿ, 33 ಸುತ್ತು, ಹೊರ ಅಗಲ 18.5, ಎರಡೂ ತುದಿ ಮುಚ್ಚಿ ಉಜ್ಜಿದ್ದು. ಬಂದಾಗ 218 ಮಿ.ಮೀ. ಇತ್ತು. ಕ್ಲ್ಯಾಂಪಿನಲ್ಲಿ ಸುತ್ತಿಗೆ ಸುತ್ತು ತಾಗುವವರೆಗೆ ಹತ್ತು ಸಲ ಅಮುಕಿ, ಒಂದು ರಾತ್ರಿ ಹಾಗೇ ಬಿಟ್ಟ ಮೇಲೆ 210ಕ್ಕೆ ಇಳಿದು ನಿಂತಿತು. ಈ ಕುಗ್ಗುವಿಕೆ ಬೆಂಚಿನ ಮೇಲೇ ಆಗಿಹೋಗಲಿ, ಬಂದೂಕಿನೊಳಗೆ ಬೇಡ. ಪೂರ್ತಿ ಅಮುಕಿದರೆ ಇದರ ಉದ್ದ 33 ಸುತ್ತು ಗುಣಿಸು 3, ಅಂದರೆ 99. ಬಂದೂಕು ಎಳೆದು ನಿಂತಾಗ ಒಳಗೆ ಇರುವ ಜಾಗ 105. ಈ ಆರು ಮಿ.ಮೀ. ಬಿಡುವು ಇಲ್ಲದಿದ್ದರೆ ಕೊಂಡಿ ಹಿಡಿಯುವ ಮೊದಲೇ ಸ್ಪ್ರಿಂಗು ಕಬ್ಬಿಣದ ಕೊಳವೆಯಾಗಿ ಕೂತುಬಿಡುತ್ತದೆ. ಕೂಡಿಡುವ ಶಕ್ತಿ ಲೆಕ್ಕದಲ್ಲಿ 33 ಜೂಲ್, ಕೊಂಡಿಯ ಮೇಲಿನ ಭಾರ 75 ಕೆ.ಜಿ. ಸ್ಪ್ರಿಂಗಿನ ಒಳಗಿನ ಸಡಿಲ ಗೂಟಕ್ಕೆ ನೈಲಾನಿನ ತೆಳ್ಳನೆ ಕವಚ ಕಡೆಸಿ ಹಾಕಿದೆ. ಹೊಡೆದಾಗ ತಂಬೂರಿ ಮೀಟಿದಂತೆ ಟಂಯ್ ಅನ್ನುತ್ತಿದ್ದದ್ದು ಅದರಿಂದ ನಿಂತಿತು.

ಜೋಡಿಸುವಾಗ ಮೂರು ಗುಂಡುಗಳನ್ನು ಗ್ರೀಸಿನಲ್ಲಿ ಅಂಟಿಸಿ ಕೂರಿಸಬೇಕು. ನಾನು ಕಂಜೂಸಿತನ ಮಾಡಿ ಗ್ರೀಸು ಕಡಿಮೆ ಹಚ್ಚಿದೆ. ಕ್ಲ್ಯಾಂಪು ಮುಕ್ಕಾಲು ತಿರುಗಿಸಿದಾಗ ಒಳಗೆ ಟಿಕ್ ಅಂತ ಸದ್ದು; ಒಂದು ಗುಂಡು ಉದುರಿ ಪಿಸ್ಟನ್ನಿನ ಸೀಳಿನೊಳಗೆ ಸೇರಿತ್ತು. ಮತ್ತೆ ಎಲ್ಲ ಬಿಚ್ಚಿ, ಆಯಸ್ಕಾಂತ ಕಟ್ಟಿದ ದಾರ ಬಿಟ್ಟು ಮೇಲೆತ್ತಿದೆ. ಸೈಕಲ್ ಗುಂಡು ಹಾಕಿದವನ ಮೇಲೆ ಅವತ್ತು ಸ್ವಲ್ಪ ಸಿಟ್ಟು ಇಳಿಯಿತು.

ಮರದ ಕೆಲಸ ಹೆಚ್ಚು ಹೇಳುವಂಥದ್ದಲ್ಲ. ಸೀಳಿಗೆ ಎಪಾಕ್ಸಿ ಇಳಿಸಿ ರಬ್ಬರ್ ಟ್ಯೂಬ್ ಬಿಗಿದು ಕಟ್ಟಿದೆ, ಅಗಲಿದ ತೂತುಗಳಿಗೆ ಹಿತ್ತಾಳೆ ಬುಶ್, ಮೇಲೆ ಅಗಸೆ ಎಣ್ಣೆ ಮೂರು ಕೋಟು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಕಾದು ಹೊತ್ತಿಕೊಳ್ಳುತ್ತದೆ. ಕಬ್ಬಿಣದ ಮೇಲಿನ ತುಕ್ಕನ್ನು ನಯವಾದ ಉಕ್ಕಿನ ನಾರು, ಎಣ್ಣೆ ಹಚ್ಚಿ ಒರೆಸಿದೆ ಅಷ್ಟೇ. ಹೊಸ ಬಣ್ಣ ಕೊಡಲಿಲ್ಲ. ಹಿಡಿಯುವ ಜಾಗದಲ್ಲಿ ನೀಲಿ ಅಳಿಸಿ ಬೆಳ್ಳಿಯಾಗಿದ್ದದ್ದು ಅವರ ತಂದೆಯ ಅಂಗೈಯ ಗುರುತು.

ಅಳತೆ ಮತ್ತೊಮ್ಮೆ

ಮೊದಲ ಮೂವತ್ತು ಗುಂಡುಗಳನ್ನು ಲೆಕ್ಕಕ್ಕಿಡಲಿಲ್ಲ. ತೊಗಲು ಕೊಳವೆಗೆ ಹೊಂದಿಕೊಳ್ಳಬೇಕು, ಹೆಚ್ಚಿನ ಎಣ್ಣೆ ಹೊರಗೆ ಹೋಗಬೇಕು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಹತ್ತು ಗುಂಡು: ಅತಿ ಕಡಿಮೆ 168, ಅತಿ ಹೆಚ್ಚು 174. ಹೊಗೆ ಇಲ್ಲ. ಸಂದಿಯ ಮೇಲಿಟ್ಟ ಕಾಗದದ ಪಟ್ಟಿ ಅಲುಗಲಿಲ್ಲ. ಸರಾಸರಿ 171 ಅಂದರೆ 8 ಜೂಲ್; ಕಾನೂನಿನ 20ರ ಅರ್ಧಕ್ಕೂ ಕಡಿಮೆ. 47 ಜೂಲ್ ಸ್ಪ್ರಿಂಗು ಬೆಳಿಗ್ಗೆ 3 ಕೊಡುತ್ತಿದ್ದ ಕಡೆ 33ರದು 8 ಕೊಡುತ್ತಿದೆ.

ಗುರಿ ಕೂಡ ನೋಡಿದೆ. ಇಂಥ ಬಂದೂಕನ್ನು ಬಿಗಿಯಾಗಿ ಅಪ್ಪಿಕೊಂಡು ಹೊಡೆಯಬಾರದು. ಹೊಡೆದಾಗ ಅದು ಒಮ್ಮೆ ಹಿಂದಕ್ಕೆ, ಮತ್ತೊಮ್ಮೆ ಮುಂದಕ್ಕೆ ಜಿಗಿಯುತ್ತದೆ, ಅದೂ ಗುಂಡು ನಳಿಕೆ ಬಿಡುವ ಮೊದಲೇ. ಮುಂಗೈಯ ಮೇಲೆ ಸುಮ್ಮನೆ ಒರಗಿಸಿ, ಜಿಗಿದರೆ ಜಿಗಿಯಲಿ ಎಂದು ಬಿಡಬೇಕು. ಹಾಗೆ ಹೊಡೆದ ಐದು ಗುಂಡು 10 ಮೀಟರಿನಲ್ಲಿ ಹಳೇ ಎಂಟಾಣೆ ನಾಣ್ಯದೊಳಗೆ ಕೂತವು. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗಿನಲ್ಲಿ ಚಿನ್ನ ಗೆದ್ದದ್ದು ಇದೇ ದೂರದಲ್ಲಿ, ಆದರೆ ಆ ಬಂದೂಕುಗಳಲ್ಲಿ ಸ್ಪ್ರಿಂಗಿಲ್ಲ, ಮೊದಲೇ ತುಂಬಿಟ್ಟ ಗಾಳಿ. ಈ ಜಿಗಿತದ ರಗಳೆಯೇ ಇಲ್ಲ.

ತೋಟದವರು ಬಂದು ಹೊಡೆದು ನೋಡಿ ಮುಖ ಸಪ್ಪೆ ಮಾಡಿದರು. "ಸೌಂಡೇ ಇಲ್ವಲ್ಲ ಸಾರ್." ಹಳೇ ಸ್ಪ್ರಿಂಗನ್ನೂ ಇದ್ದಿಲಾದ ವಾಶರನ್ನೂ ಕೈಗಿಟ್ಟು, ಎರಡು ದಿನದ ಅಳತೆಯ ಚೀಟಿ ತೋರಿಸಿದೆ. ಚೀಟಿಗಿಂತ ಹೆಚ್ಚು ಕೆಲಸ ಮಾಡಿದ್ದು ಅವರ ಹೈಸ್ಕೂಲಿನ ಮಗಳು. ಮೊದಲು ಎಳೆಯಲಾಗದೆ ಅಪ್ಪನಿಗೆ ಕೊಡುತ್ತಿದ್ದವಳು ಈಗ ತಾನೇ ನಳಿಕೆ ಬಗ್ಗಿಸಿ, ಮೂರನೇ ಗುಂಡಿಗೆ ಕರಟ ಉರುಳಿಸಿದಳು.

ಹಿಡಿಯ ಒಳಗೆ, ಮರ ಮತ್ತು ಕೊಳವೆಯ ನಡುವಿನ ಟೊಳ್ಳಿನಲ್ಲಿ, ಮುಂದೆ ಯಾರು ಬಿಚ್ಚಿದರೂ ಸಿಗಲೆಂದು ಒಂದು ಚೀಟಿ ಅಂಟಿಸಿದ್ದೆ: ಸ್ಪ್ರಿಂಗು 3 ಮಿ.ಮೀ., 33 ಸುತ್ತು, 210. ಮೂರು ಗುಂಡುಗಳೂ ಒಂದೇ ಅಳತೆ. ಸಿಲಿಕೋನ್ ಎಣ್ಣೆ ವರ್ಷಕ್ಕೆ ಎರಡು ಹನಿ. ಕೊಬ್ಬರಿ ಎಣ್ಣೆ ತಲೆಗೆ ಮಾತ್ರ.

ಡಿಸೆಂಬರಿನಲ್ಲಿ ಬೇಕೆಂದೇ ವಾಪಸ್ಸು ತರಿಸಿಕೊಂಡೆ. ಬೆಳಿಗ್ಗೆ ಏಳೂವರೆ, 16 ಡಿಗ್ರಿ, ಬಚ್ಚಲ ಬಾಟಲಿ ಮತ್ತೆ ಕಲ್ಲು. ಹತ್ತು ಗುಂಡು: 165ರಿಂದ 172. ಸ್ಪ್ರಿಂಗು ತೆಗೆದು ಅಳೆದರೆ 207 ಇತ್ತು. ಚೀಟಿಯಲ್ಲಿ 210ರ ಪಕ್ಕ ಅದನ್ನೂ ಬರೆದು, ತಾರೀಖು ಹಾಕಿ, ಮತ್ತೆ ಮುಚ್ಚಿ ಕಳಿಸಿದೆ.